ಒಕ್ಕೂಟದ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬಳಿಗೂ ಅವಳದೇ ಹೆಸರಿರಲಿ

ಸಾಲದ ಪಟ್ಟಿಯಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ, ಅದು ಕಂಪ್ಯೂಟರಿನ ತಪ್ಪು ಎಂದು ಹಳ್ಳಿಯಲ್ಲಿ ಯಾರೂ ಸುಮ್ಮನಾಗುವುದಿಲ್ಲ. ಅದು ಯಾರೋ ಒಬ್ಬಳ ತಲೆಗೆ ಬರುತ್ತದೆ. ನಮ್ಮ ಹನೂರು ಕಡೆಯ ಒಂದು ಮಹಿಳಾ ಒಕ್ಕೂಟದಲ್ಲಿ ಸದಸ್ಯೆಯೊಬ್ಬರ ಬಾಕಿ ಇಪ್ಪತ್ತು ಸಾವಿರ ಇದ್ದದ್ದು ಒಂದು ದಿನ ಹನ್ನೆರಡು ಸಾವಿರ ಎಂದು ಕಾಣಿಸಿತು. ಸಭೆಯಲ್ಲಿ ಗಲಾಟೆಯಾಯಿತು. ಪುಸ್ತಕ ಬರೆಯುವ ಹುಡುಗಿ ಎದ್ದು ನಿಂತು, "ನಾ ಮುಟ್ಟಿಲ್ಲ ಕಣಕ್ಕ, ಬರ್ದು ಇಲ್ಲೇ ಮಡಗಿದ್ದೆ" ಎಂದಳು. ಕಂಪ್ಯೂಟರಿನಲ್ಲಿ ನೋಡಿದರೆ ಆ ಫೈಲಿನ ಮುಂದೆ ಇದ್ದದ್ದು ಒಂದೇ ಹೆಸರು: ಆಫೀಸ್. ಅಧ್ಯಕ್ಷೆ ಒಳಗೆ ಹೋಗುವುದೂ ಆ ಹೆಸರಿನಲ್ಲೇ, ಖಜಾಂಚಿಯೂ ಅದರಲ್ಲೇ, ಕೃಷಿ ಸಖಿ, ಪಶು ಸಖಿ, ಸಂಜೆ ಟೈಪಿಂಗ್ ಕಲಿಯಲು ಬರುವ ಕಾಲೇಜು ಹುಡುಗಿ ಎಲ್ಲರೂ ಅದರಲ್ಲೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು.

ಕೈಬರಹದ ಲೆಡ್ಜರ್ ತೆಗೆದು ಲೆಕ್ಕ ಸರಿಪಡಿಸಿದರು. ದುಡ್ಡು ಎಲ್ಲೂ ಹೋಗಿರಲಿಲ್ಲ. ಆದರೆ ಆ ಹುಡುಗಿಯ ಮೇಲೆ ಬಿದ್ದ ಅನುಮಾನವನ್ನು ಸರಿಪಡಿಸಲು ಯಾವ ಲೆಡ್ಜರೂ ಇರಲಿಲ್ಲ. ಅವಳು ಕೆಲಸ ಬಿಟ್ಟಳು. ತಾನು ಮಾಡಿಲ್ಲ ಎಂದು ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ, ಇರದಂತೆ ಮಾಡಿದ್ದು ಆ ಕಂಪ್ಯೂಟರನ್ನು ಕೂರಿಸಿಕೊಟ್ಟ ರೀತಿ. ಈ ಅನ್ಯಾಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾನು ಶಾಗ್ಯದವಳು. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿ, ಮೈಸೂರಿನಲ್ಲಿ ಕೆಲವು ವರ್ಷ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಈಗ ಊರಲ್ಲೇ ಇದ್ದೇನೆ. ಸುತ್ತಮುತ್ತಲ ಒಕ್ಕೂಟ, ಶಾಲೆ, ಸಂಘಗಳ ಕಂಪ್ಯೂಟರ್ ಕೆಟ್ಟರೆ ಕರೆಯುತ್ತಾರೆ. ಹೋದ ಕಡೆಯಲ್ಲೆಲ್ಲ ನನಗೆ ಸಿಗುವುದು ಇದೇ: ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟುವನ್ನೋ ಡೆಬಿಯನ್ನನ್ನೋ ಹಾಕಿ ಸರ್ವರ್ ಎಂದು ಮೂಲೆಯಲ್ಲಿ ಕೂರಿಸಿರುತ್ತಾರೆ. ವಿಂಡೋಸ್ ಲ್ಯಾಪ್‌ಟಾಪ್‌ಗಳು ವೈಫೈ ಮೂಲಕ ಅದರೊಳಗಿನ ಒಂದು ಫೋಲ್ಡರನ್ನು ಹಂಚಿಕೊಂಡಿರುತ್ತವೆ. ಫೋಲ್ಡರಿನ ಅನುಮತಿ 777. ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. "ಹಿಂಗ್ ಮಾಡುದ್ರೆ ಯಾವ ಕಂಪ್ಲೇಂಟೂ ಬರಲ್ಲ ಮೇಡಂ" ಎಂದು ಕೂರಿಸಿಕೊಡುವವರು ಹೇಳುತ್ತಾರೆ. ದೂರು ಅವರಿಗೆ ಬರುವುದಿಲ್ಲ, ನಿಜ. ಪುಸ್ತಕ ಬರೆಯುವವಳ ಮೇಲೆ ಬರುತ್ತದೆ.

ಆ ಫೋಲ್ಡರಿನಲ್ಲಿ ಏನಿರುತ್ತದೆ ಎಂಬುದನ್ನು ಪಟ್ಟಣದ ಓದುಗರಿಗೂ ಹೇಳಬೇಕು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ನಮ್ಮ ರಾಜ್ಯದಲ್ಲಿ 'ಸಂಜೀವಿನಿ' ಎಂಬ ಹೆಸರಿನಲ್ಲಿ ನಡೆಸುತ್ತಾರೆ. ಹತ್ತು ಹನ್ನೆರಡು ಹೆಂಗಸರ ಸ್ವಸಹಾಯ ಸಂಘ, ಅವುಗಳ ಮೇಲೆ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ. ಸಮುದಾಯ ಬಂಡವಾಳ ನಿಧಿಯ ಹಣ ಈ ಒಕ್ಕೂಟದಿಂದ ಸಂಘಗಳಿಗೆ ಸಾಲವಾಗಿ ಇಳಿಯುತ್ತದೆ. ಒಕ್ಕೂಟಕ್ಕೆ ಒಬ್ಬರು ಮುಖ್ಯ ಪುಸ್ತಕ ಬರಹಗಾರರು, ಎಂ.ಬಿ.ಕೆ. ಎನ್ನುತ್ತೇವೆ. ಜೊತೆಗೆ ಎಲ್.ಸಿ.ಆರ್.ಪಿ. ಎನ್ನುವ ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿ, ಕೃಷಿ ಸಖಿ, ಪಶು ಸಖಿ ಇರುತ್ತಾರೆ. ಸರ್ಕಾರಕ್ಕೆ ಹೋಗುವ ಲೆಕ್ಕ ಸರ್ಕಾರದ ಆ್ಯಪ್‌ಗೆ ಹೋಗುತ್ತದೆ. ಆದರೆ ಅದಕ್ಕೆ ಮೊದಲಿನ ಎಲ್ಲವೂ, ಸಾಲದ ಅರ್ಜಿ, ಆಧಾರ್ ಕಾರ್ಡಿನ ಸ್ಕ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಸಭೆಯ ನಡಾವಳಿ, ಯಾರ ಮನೆಯ ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಆಯಿತು, ಯಾರು ಎಷ್ಟು ಎಕರೆಗೆ ಅರಿಶಿನ ಹಾಕಿದ್ದಾರೆ, ಯಾರು ಜೋಳ ಹಾಕಿದ್ದಾರೆ ಎಂಬ ಪಟ್ಟಿ, ಎಲ್ಲ ಆ ಒಂದು ಫೋಲ್ಡರಿನಲ್ಲಿ. ಗಂಡನಿಗೂ ಹೇಳದೆ ಮಗಳ ಫೀಸಿಗೆಂದು ಸಾಲ ತೆಗೆದವಳ ಅರ್ಜಿಯೂ ಅಲ್ಲೇ ಇರುತ್ತದೆ. ಟೈಪಿಂಗ್ ಕಲಿಯಲು ಬಂದವಳು ಅದನ್ನು ಓದಬಹುದು ಎಂದರೆ ಊರೆಲ್ಲ ಓದಿದಂತೆಯೇ.

ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿಯೇ ಫೈಲಿನ ಅನುಮತಿಯ ವ್ಯವಸ್ಥೆ ಹುಟ್ಟಿದ್ದು. 1970ರ ಆಸುಪಾಸಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತವರ ಜೊತೆಗಾರರು ಯುನಿಕ್ಸ್ ಕಟ್ಟಿದಾಗ ಒಂದು ಕಂಪ್ಯೂಟರಿಗೆ ಹಲವು ಜನ ಕೂರುತ್ತಿದ್ದರು. ಅದಕ್ಕೆ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ಎಂಬ ಮೂರು ಪಾಲು ಬಂದವು. ಪ್ರತಿ ಪಾಲಿಗೂ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೂರನ್ನೂ ಕೂಡಿದರೆ 7, ಮೂರು ಪಾಲಿಗೂ 7 ಕೊಟ್ಟರೆ 777. ಉಬುಂಟು, ಡೆಬಿಯನ್‌ಗಳ ತಳಹದಿಯಾದ ಲಿನಕ್ಸ್ 1991ರಲ್ಲಿ ಬಂದಾಗ ಇದನ್ನೇ ಇಟ್ಟುಕೊಂಡಿತು. ಐವತ್ತು ವರ್ಷಗಳಿಂದ ಕೈಗೆ ಸಿಗುತ್ತಿರುವ ಈ ಉಪಾಯವನ್ನು ನಮ್ಮ ಹೆಂಗಸರ ಲೆಕ್ಕಕ್ಕೆ ಬಂದಾಗ ಮಾತ್ರ ಯಾಕೆ ಬಳಸುವುದಿಲ್ಲ ಎಂಬುದು ನನ್ನ ಪ್ರಶ್ನೆ.

ನಮ್ಮ ಕೊಳ್ಳೇಗಾಲ ಸೀಮೆಗೆ ಕಡತ ಯಾರ ಕೈಯಲ್ಲಿರಬೇಕು ಎಂಬ ಜಗಳ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು. ಆಮೇಲೆ ಮೈಸೂರಿಗೆ ಬಂದೆವು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಈಚೆಗೆ ಹನೂರೇ ತಾಲ್ಲೂಕಾಯಿತು. ಹಿಂದೆ ಊರಿನ ಭೂಮಿಯ ಲೆಕ್ಕ ಕರಣಿಕರ ಮನೆಯಲ್ಲೋ ಶ್ಯಾನುಭೋಗರ ಮನೆಯಲ್ಲೋ ಇರುತ್ತಿತ್ತು. ಬರೆಯುವವರೂ ಅವರೇ, ತೋರಿಸುವವರೂ ಅವರೇ. ವಂಶಪಾರಂಪರ್ಯದ ಆ ಅಧಿಕಾರವನ್ನು 1961ರ ಕಾಯ್ದೆ ತೆಗೆಯಿತು, ಲೆಕ್ಕ ಸರ್ಕಾರದ ಗ್ರಾಮ ಲೆಕ್ಕಿಗರ ಕೈಗೆ ಬಂತು. ಆಮೇಲೆ 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು, ಹದಿನೈದು ರೂಪಾಯಿಗೆ ಪ್ರಿಂಟ್ ಸಿಗತೊಡಗಿತು. ಹದಿನೈದು ರೂಪಾಯಿಯ ವಿಷಯ ಎಲ್ಲರಿಗೂ ನೆನಪಿದೆ. ನನಗೆ ಮುಖ್ಯವೆನಿಸುವುದು ಬೇರೆ: ಖಾತೆ ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ತಿದ್ದಿದ್ದು ಯಾರು ಎಂಬುದಕ್ಕೆ ಯಂತ್ರವೇ ಸಾಕ್ಷಿಯಾಯಿತು. ನಾನಲ್ಲ, ಬೇರೆ ಯಾರೋ ನನ್ನ ಹೆಸರಿನಲ್ಲಿ ಮಾಡಿದರು ಎನ್ನಲು ಅವಕಾಶ ಉಳಿಯಲಿಲ್ಲ. ಅಷ್ಟೇ ಮುಖ್ಯವಾಗಿ, ಮಾಡದವನ ಮೇಲೆ ಹೊರಿಸಲೂ ಅವಕಾಶ ಉಳಿಯಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಭೂಮಿಯ ಕಾಗದಕ್ಕೆ ಇಷ್ಟು ಕಾವಲು ಬೇಕು ಎಂದು ತಿಳಿದ ರಾಜ್ಯದಲ್ಲಿ, ಹೆಂಗಸರ ಸಾಲದ ಕಾಗದಕ್ಕೆ ಮಾನಿಟರಿಗೆ ಅಂಟಿಸಿದ ಚೀಟಿ ಸಾಕೇ?

ಮಾಡಬೇಕಾದ ಕೆಲಸ ದೊಡ್ಡದಲ್ಲ. ಆದರೆ ಅರೆಬರೆ ಮಾಡಿದರೆ ಮತ್ತೆ 777ಕ್ಕೇ ಬಂದು ನಿಲ್ಲುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಪ್ರತಿಯೊಬ್ಬಳಿಗೂ ಅವಳ ಹೆಸರಿನಲ್ಲೇ ಲಾಗಿನ್. ಆಮೇಲೆ ಕೆಲಸಕ್ಕೆ ತಕ್ಕಂತೆ ಗುಂಪುಗಳು: ಲೆಕ್ಕ, ನಡಾವಳಿ, ಪಶು, ಕೃಷಿ. ಒಬ್ಬಳು ಎರಡು ಮೂರು ಗುಂಪುಗಳಲ್ಲಿ ಇರಬಹುದು. ಲೆಕ್ಕದ ಫೋಲ್ಡರನ್ನು ಲೆಕ್ಕದ ಗುಂಪಿಗೆ ಒಪ್ಪಿಸಿ ಅನುಮತಿಯನ್ನು 2770 ಎಂದು ಇಡುತ್ತೇವೆ. ಒಡೆಯರಿಗೆ ಪೂರ್ತಿ, ಗುಂಪಿಗೆ ಪೂರ್ತಿ, ಉಳಿದವರಿಗೆ ಸೊನ್ನೆ. ಮುಂದಿರುವ ಆ 2 ಎಂಬ ಅಂಕಿಯನ್ನು ಬಿಟ್ಟವರೇ ಹೆಚ್ಚು, ಇಡೀ ವ್ಯವಸ್ಥೆ ಕೆಡುವುದೂ ಅಲ್ಲೇ. ಅದಿಲ್ಲದಿದ್ದರೆ ಎಂ.ಬಿ.ಕೆ. ಹೊಸದಾಗಿ ಮಾಡಿದ ಫೈಲು ಅವಳ ಸ್ವಂತ ಗುಂಪಿಗೆ ಸೇರುತ್ತದೆ, ಖಜಾಂಚಿ ತಿದ್ದಲು ಹೋದರೆ ಆಗುವುದಿಲ್ಲ. ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲು, ಪ್ರತಿ ಉಪಫೋಲ್ಡರು ತಾನಾಗಿ ಲೆಕ್ಕದ ಗುಂಪಿನದ್ದೇ ಆಗುತ್ತದೆ. ಇದನ್ನು ಸೆಟ್‌ಜಿಐಡಿ ಎನ್ನುತ್ತಾರೆ.

ಅಷ್ಟಾದರೂ ಇನ್ನೊಂದು ತೊಡಕು ಉಳಿಯುತ್ತದೆ. ಲಿನಕ್ಸಿನಲ್ಲಿ ಹೊಸ ಫೈಲಿಗೆ ಯಾವ ಅನುಮತಿಯನ್ನು ಕಳೆದು ಕೊಡಬೇಕು ಎನ್ನುವ ಯುಮಾಸ್ಕ್ ಎಂಬ ಅಂಕಿ ಇದೆ. ಬಹಳ ಕಡೆ ಅದು 022 ಇರುತ್ತದೆ. ಆಗ ಗುಂಪಿನವರು ಓದಬಹುದು, ತಿದ್ದಲಾಗದು. "ನೀನ್ ಮಾಡಿದ್ ಫೈಲು ನಂಗೆ ಸೇವೇ ಆಯ್ತಿಲ್ಲ" ಎಂಬ ಜಗಳ ಶುರುವಾಗುವುದು ಇದರಿಂದ. ಯಾರೋ ಬೇಸತ್ತು 777 ಕೊಟ್ಟುಬಿಡುವುದೂ ಇದೇ ಗಳಿಗೆಯಲ್ಲಿ. ಲ್ಯಾಪ್‌ಟಾಪ್‌ಗಳಿಗೆ ಫೋಲ್ಡರನ್ನು ಹಂಚುವ ಸಾಂಬಾ ಎಂಬ ತಂತ್ರಾಂಶದಲ್ಲಿ ಹೊಸ ಫೈಲಿಗೆ 0660, ಹೊಸ ಫೋಲ್ಡರಿಗೆ 2770 ಎಂದು ಎರಡು ಸಾಲು ಬರೆದರೆ ಈ ಜಗಳ ಮುಗಿಯಿತು. ಸಾಂಬಾವನ್ನು 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು. ಇವತ್ತಿಗೂ ಕಾಸಿಲ್ಲದೆ ಸಿಗುತ್ತದೆ. ಬಡ ಒಕ್ಕೂಟಗಳ ಪರವಾಗಿ ಆತನಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ.

ಅಧ್ಯಕ್ಷೆ ಲೆಕ್ಕ ನೋಡಬೇಕು, ಆದರೆ ತಿದ್ದಬಾರದು. ಒಂದು ಫೋಲ್ಡರಿಗೆ ಒಂದೇ ಗುಂಪು ಎಂಬ ಹಳೆಯ ಲೆಕ್ಕದಲ್ಲಿ ಇದು ಆಗುವುದಿಲ್ಲ. ಅದಕ್ಕೆ ಎಸಿಎಲ್ ಎಂಬ ಹೆಚ್ಚಿನ ಪಟ್ಟಿ ಇದೆ, 2003ರ ಕೊನೆಗೆ ಬಂದ 2.6ನೇ ಕರ್ನಲ್‌ನಿಂದ ಲಿನಕ್ಸಿನೊಳಗೇ ಇದೆ. ಪದಾಧಿಕಾರಿಗಳು ಎಂಬ ಇನ್ನೊಂದು ಗುಂಪು ಮಾಡಿ, ಅದಕ್ಕೆ ಓದುವ ಅನುಮತಿ ಮಾತ್ರ ಕೊಡಬಹುದು. ಮುಂದೆ ಹುಟ್ಟುವ ಫೈಲುಗಳಿಗೂ ಇದೇ ಅನ್ವಯವಾಗಲಿ ಎಂದು ಆಗಲೇ ಹೇಳಿಡಬಹುದು. ಪಟ್ಟಿ ತೆಗೆದು ನೋಡಿದಾಗ ಅನುಮತಿಯ ಕೊನೆಗೆ ಒಂದು ಕೂಡುವ ಚಿಹ್ನೆ ಕಾಣಿಸಿದರೆ ಅಲ್ಲಿ ಎಸಿಎಲ್ ಇದೆ ಎಂದು ತಿಳಿಯಬೇಕು.

ಬಹಳ ಮಂದಿ, ಕಂಪ್ಯೂಟರ್ ಕಲಿತವರೂ, ನಂಬದ ಒಂದು ಸಂಗತಿ ಇದೆ. ಫೈಲನ್ನು ಅಳಿಸುವ ಅಧಿಕಾರ ಇರುವುದು ಫೈಲಿನ ಅನುಮತಿಯಲ್ಲಲ್ಲ, ಅದು ಕುಳಿತಿರುವ ಫೋಲ್ಡರಿನ ಅನುಮತಿಯಲ್ಲಿ. ಪೆಟ್ಟಿಗೆಗೆ ಎಷ್ಟೇ ಗಟ್ಟಿ ಬೀಗ ಹಾಕಿದರೂ ಮನೆಯೊಳಗೆ ಯಜಮಾನಿಕೆ ಇರುವವರು ಪೆಟ್ಟಿಗೆಯನ್ನೇ ಎತ್ತಿ ಆಚೆಗೆ ಎಸೆಯಬಹುದಲ್ಲ, ಹಾಗೆ. ಫೈಲಿಗೆ ಓದುವ ಅನುಮತಿ ಮಾತ್ರ ಕೊಟ್ಟು ನಿಶ್ಚಿಂತೆಯಾಗಿದ್ದ ಒಂದು ಶಾಲೆಯಲ್ಲಿ ಅಂಕಪಟ್ಟಿಗಳು ಹೋದದ್ದು ಹೀಗೆಯೇ. ಇದಕ್ಕೆ ಸ್ಟಿಕಿ ಬಿಟ್ ಎಂಬ ಉಪಾಯವಿದೆ, ಅದನ್ನು ಹಾಕಿದರೆ ಫೈಲಿನ ಒಡೆಯರು, ಫೋಲ್ಡರಿನ ಒಡೆಯರು, ಎಲ್ಲ ಅಧಿಕಾರವೂ ಇರುವ ರೂಟ್ ಎಂಬ ಲಾಗಿನ್ ಬಿಟ್ಟು ಬೇರೆ ಯಾರೂ ಅಳಿಸಲಾಗದು. ಆದರೆ ಎಲ್ಲ ಕಡೆ ಹಾಕಬೇಡಿ. ಎಕ್ಸೆಲ್ ಫೈಲನ್ನು ಉಳಿಸುವಾಗ ಹೊಸದೊಂದನ್ನು ಬರೆದು ಹಳೆಯದನ್ನು ತೆಗೆದುಹಾಕುತ್ತದೆ. ಸ್ಟಿಕಿ ಇದ್ದರೆ ಇನ್ನೊಬ್ಬರ ಫೈಲನ್ನು ತಿದ್ದಿ ಉಳಿಸುವುದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಸ್ಕ್ಯಾನ್ ಮಾಡಿದ ರಸೀದಿ, ಸಹಿ ಹಾಕಿದ ನಡಾವಳಿ ಇಂಥ, ಒಮ್ಮೆ ಇಟ್ಟರೆ ತಿದ್ದಬಾರದ ಕಡತಗಳ ಫೋಲ್ಡರಿಗೆ ಮಾತ್ರ ಅದು ಸರಿ. ದಿನಾ ತಿದ್ದುವ ಫೋಲ್ಡರಿಗೆ ಸಾಂಬಾದ ರಿಸೈಕಲ್ ಸೌಲಭ್ಯ ಹಾಕಿದರೆ, ಅಳಿಸಿದ್ದು ಬೇರೆ ಕಡೆ ಹೋಗಿ ಕೂರುತ್ತದೆ, ಮತ್ತೆ ತರಬಹುದು.

ಫೈಲನ್ನು ಯಾರು ಕೊನೆಗೆ ತಿದ್ದಿದರು ಎಂಬುದನ್ನು ಲಿನಕ್ಸ್ ತಾನಾಗಿ ಬರೆದಿಡುವುದಿಲ್ಲ. ಒಡೆಯರ ಹೆಸರು, ತಿದ್ದಿದ ಹೊತ್ತು ಇರುತ್ತದೆ, ಅಷ್ಟೇ. ಸಾಂಬಾದಲ್ಲಿ ಫುಲ್ ಆಡಿಟ್ ಎಂಬ ಭಾಗವನ್ನು ಚಾಲೂ ಮಾಡಿದರೆ ಯಾವ ಲಾಗಿನ್‌ನವರು ಯಾವ ಫೈಲನ್ನು ತೆರೆದರು, ಬರೆದರು, ಅಳಿಸಿದರು ಎಂಬುದು ಸಾಲುಸಾಲಾಗಿ ದಾಖಲಾಗುತ್ತದೆ. ಆ ಹುಡುಗಿಗೆ ಬೇಕಿದ್ದದ್ದು ಇಂಥ ಒಂದು ಸಾಲು. ಆದರೆ ಎಲ್ಲರೂ 'ಆಫೀಸ್' ಆಗಿದ್ದರೆ ಈ ದಾಖಲೆಯ ತುಂಬ ಆಫೀಸ್ ಆಫೀಸ್ ಎಂದೇ ಇರುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡಿ ಎಂದೇ ನಾನು ಹೇಳುತ್ತೇನೆ, ಲಿನಕ್ಸ್ ಚೆನ್ನಾಗಿ ಒಪ್ಪುತ್ತದೆ. ಒಂದು ಎಚ್ಚರಿಕೆ ಬೇಕು. ಹೆಸರಿಗೆ 255 ಬೈಟ್ ಮಿತಿ ಇದೆ, ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ 85 ಚಿಹ್ನೆಗೆ ಮುಗಿಯಿತು. ವಿಂಡೋಸಿನಲ್ಲಿ ಇಟ್ಟ ಉದ್ದನೆಯ ಹೆಸರಿನ ಫೈಲು ಸರ್ವರಿಗೆ ಹೋಗದೆ ಎರರ್ ಬಂದರೆ ಅನುಮತಿಗೆ ಕೈ ಹಾಕುವ ಮೊದಲು ಹೆಸರನ್ನು ಚಿಕ್ಕದು ಮಾಡಿ ನೋಡಿ.

ಒಬ್ಬಳು ಕೆಲಸ ಬಿಟ್ಟಾಗ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಲಾಗಿನ್ ಅಳಿಸಿಬಿಡುತ್ತಾರೆ. ಲಿನಕ್ಸಿಗೆ ಒಳಗೆ ಗೊತ್ತಿರುವುದು ಹೆಸರಲ್ಲ, ಒಂದು ಸಂಖ್ಯೆ. ಅಳಿಸಿದ ಮೇಲೂ ಅವಳ ಫೈಲುಗಳ ಮೇಲೆ ಆ ಸಂಖ್ಯೆ ಉಳಿದಿರುತ್ತದೆ. ನಾಳೆ ಸೇರುವ ಹೊಸಬಳಿಗೆ ಅದೇ ಸಂಖ್ಯೆ ಸಿಕ್ಕರೆ ಹಳಬಳ ಫೈಲೆಲ್ಲ ಹೊಸಬಳ ಹೆಸರಿನಲ್ಲಿ ಕಾಣಿಸುತ್ತದೆ. ಹಿಂದಿನವರ ಲೆಕ್ಕದ ತಪ್ಪು ಇವಳ ಕೊರಳಿಗೆ ಬೀಳುತ್ತದೆ. ಅದಕ್ಕೆ ಲಾಗಿನ್ ಅಳಿಸಬಾರದು, ಬೀಗ ಹಾಕಬೇಕು, ಗುಂಪುಗಳಿಂದ ತೆಗೆಯಬೇಕು. ಹೆಸರು ಹಾಗೇ ಇರಲಿ.

ಸಭೆಗಳಲ್ಲಿ ಇದನ್ನು ಹೇಳಿದಾಗ ಮೊದಲು ಬರುವ ಮಾತು, "ನಮ್ ನಮ್ಮಲ್ಲೇ ನಂಬ್ಕೆ ಇಲ್ವ ಅಕ್ಕ?" ಎಂಬುದು. ನಾನು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಸ್ವಸಹಾಯ ಸಂಘ ನಡೆಯುವುದೇ ನಂಬಿಕೆಯ ಮೇಲೆ. ಆದರೆ ಅದೇ ಸಂಘದಲ್ಲಿ ಉಳಿತಾಯ ಕಟ್ಟಿದ ಮೇಲೆ ಪುಸ್ತಕಕ್ಕೆ ಸಹಿ ಹಾಕುತ್ತೇವೆ, ನಡಾವಳಿಗೆ ಹಾಜರಿದ್ದವರೆಲ್ಲ ಸಹಿ ಹಾಕುತ್ತೇವೆ, ಬ್ಯಾಂಕಿನಿಂದ ಹಣ ತೆಗೆಯಲು ಒಬ್ಬರ ಸಹಿ ಸಾಲದು ಎನ್ನುತ್ತೇವೆ. ಇದನ್ನೆಲ್ಲ ಅಪನಂಬಿಕೆ ಎಂದು ಯಾರೂ ಕರೆದಿಲ್ಲ. ಕಾಗದದಲ್ಲಿ ನಾವೇ ಕಟ್ಟಿಕೊಂಡ ಈ ಒಳ್ಳೆಯ ನಡವಳಿಕೆಯನ್ನು ಕಂಪ್ಯೂಟರ್ ಬಂದ ದಿನ ಬಾಗಿಲ ಆಚೆಗೆ ಬಿಟ್ಟೆವು.

ಎರಡನೆಯದು ಹೊರಗಿನವರ ಮಾತು: ಹಳ್ಳಿ ಹೆಂಗಸರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ, ಒಂದೇ ಇದ್ದರೆ ವಾಸಿ. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಸಂತೆಯಲ್ಲಿ ಫೋನ್‌ಪೇ ಪಿನ್ ಒತ್ತುವವರು, ಎಟಿಎಂ ನಂಬರ್ ನೆನಪಿಟ್ಟವರು, ನಲವತ್ತು ಮಂದಿಯ ಬಾಕಿಯನ್ನು ಬಾಯಲ್ಲೇ ಹೇಳುವವರು ಇವರು. ಅವರಿಗೆ ನೆನಪಿಲ್ಲ ಎನ್ನುವವರು ಅವರ ಹತ್ತಿರ ಕೂತು ಹೇಳಿಕೊಟ್ಟಿಲ್ಲ, ಅಷ್ಟೇ. ಗುಂಪಿಗೆ ಹೊಸದಾಗಿ ಸೇರಿಸಿದ ಮೇಲೆ ಒಮ್ಮೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗದಿದ್ದರೆ ಫೋಲ್ಡರ್ ತೆರೆಯುವುದಿಲ್ಲ ಎಂಬ ಸೂಕ್ಷ್ಮವನ್ನು ನಾನು ಹೇಳುವ ಮೊದಲೇ ಕಂಡುಹಿಡಿದು ಉಳಿದವರಿಗೆ ಹೇಳಿಕೊಟ್ಟದ್ದು ಏಳನೇ ತರಗತಿ ಓದಿದ ಒಬ್ಬ ಪಶು ಸಖಿ.

ಕಲಿಸಿದರೆ ಬರುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಗಡಿಯಾಚೆ ಇದೆ. ಕೇರಳ ಸರ್ಕಾರ ಶಾಲೆಗಳಲ್ಲಿ ಗ್ನೂ ಲಿನಕ್ಸನ್ನೇ ಬಳಸುತ್ತದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾದ ಆ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನ ಮುಂದೆಯೇ ಕೂತು ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿಯ ಹೈಸ್ಕೂಲ್ ಹುಡುಗಿಗೆ ಆಗುವುದು ಹನೂರಿನ ಎಂ.ಬಿ.ಕೆ.ಗೆ ಆಗುವುದಿಲ್ಲವೇ?

ಕಾನೂನೂ ಬದಲಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಒಂದು ಹಳ್ಳಿಯ ಒಕ್ಕೂಟಕ್ಕೆ ಅಷ್ಟು ದಂಡ ಬೀಳುತ್ತದೆ ಎಂದು ಹೆದರಿಸಲು ಹೇಳುತ್ತಿಲ್ಲ. ಆಧಾರ್ ಪ್ರತಿಯನ್ನು 777 ಫೋಲ್ಡರಿನಲ್ಲಿ ಇಡುವುದನ್ನು ದೇಶದ ಕಾನೂನು ಸಣ್ಣ ವಿಷಯ ಎಂದು ನೋಡುವುದಿಲ್ಲ ಎಂದು ಹೇಳುತ್ತಿದ್ದೇನೆ.

ಯಾರು ಯಾವ ಗುಂಪಿನಲ್ಲಿ ಇರಬೇಕು ಎಂಬುದನ್ನು ನನ್ನಂಥ ಕಂಪ್ಯೂಟರಿನವಳು ತೀರ್ಮಾನ ಮಾಡಬಾರದು. ಒಕ್ಕೂಟದ ಸಭೆ ಮಾಡಬೇಕು, ನಡಾವಳಿಯಲ್ಲಿ ಬರೆಯಬೇಕು. ಪದಾಧಿಕಾರಿಗಳು ಬದಲಾದ ತಿಂಗಳು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ತಿದ್ದಬೇಕು. ಎಲ್ಲಕ್ಕೂ ಮೇಲಿನ ರೂಟ್ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅಧ್ಯಕ್ಷೆ ಮತ್ತು ಖಜಾಂಚಿ ಇಬ್ಬರೂ ಸಹಿ ಮಾಡಿ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ನಾನು ನಾಳೆ ಊರಲ್ಲಿ ಇರದಿದ್ದರೂ ಅವರ ಕೆಲಸ ನಿಲ್ಲಬಾರದು. ಲಕೋಟೆ ಒಡೆದರೆ ಯಾಕೆ ಒಡೆದೆವು ಎಂದು ಬರೆಯಬೇಕು. ಇಷ್ಟನ್ನು ಒಕ್ಕೂಟಗಳು ತಾವೇ ಮಾಡಿಕೊಳ್ಳಬಹುದು.

ಉಳಿದದ್ದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯವರ ಕೈಯಲ್ಲಿದೆ. ಒಕ್ಕೂಟದವರಿಗೆ ಕೊಡುವ ತರಬೇತಿಯಲ್ಲಿ ಅರ್ಧ ದಿನ ಇದಕ್ಕೆ ಕೊಡಿ, ಕನ್ನಡದಲ್ಲಿ, ಕೀಲಿಮಣೆಯ ಮುಂದೆ ಕೂರಿಸಿ. ಕಂಪ್ಯೂಟರ್ ಒದಗಿಸುವ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಕೆಲಸಕ್ಕೆ ತಕ್ಕ ಗುಂಪು, ಯಾರು ಏನು ಮಾಡಿದರು ಎಂಬ ದಾಖಲೆ ಚಾಲೂ ಇರಬೇಕು. ಎಂ.ಬಿ.ಕೆ. ತನ್ನ ಹೆಸರಿನಲ್ಲಿ ಒಳಗೆ ಹೋಗಿ ಒಂದು ಫೈಲು ಮಾಡಿ, ಖಜಾಂಚಿ ಅದನ್ನು ತೆರೆದು ತಿದ್ದಿ, ಗುಂಪಿನಲ್ಲಿ ಇಲ್ಲದವಳು ತೆರೆಯಲಾಗದೆ, ಮೂವರೂ ಸಹಿ ಹಾಕಿಕೊಟ್ಟ ಮೇಲೆಯೇ ಗುತ್ತಿಗೆದಾರರ ಬಿಲ್ಲು ಪಾಸಾಗಲಿ.